ಅಪ್ಪ ಮುಗಿಸಲು ಬಿಡದ ಮಾತು

ಲೂಕನ ಸುವಾರ್ತೆಯ 15ನೇ ಅಧ್ಯಾಯದ ತಪ್ಪಿಹೋದ ಮಗನ ಕಥೆಯನ್ನು ಕ್ರೈಸ್ತರಲ್ಲದವರೂ ಎಲ್ಲೋ ಒಂದು ಕಡೆ ಕೇಳಿರುತ್ತಾರೆ. ಅಪ್ಪ ಬದುಕಿರುವಾಗಲೇ ಪಾಲು ಕೇಳಿ ತೆಗೆದುಕೊಂಡ ಕಿರಿಮಗ ದೂರದೇಶಕ್ಕೆ ಹೋಗಿ ಎಲ್ಲವನ್ನೂ ಹಾಳುಮಾಡಿಕೊಳ್ಳುತ್ತಾನೆ. ಬರ ಬರುತ್ತದೆ, ಹಂದಿ ಮೇಯಿಸಿ ಹೊಟ್ಟೆ ಹೊರೆಯುವ ಗತಿ ಬರುತ್ತದೆ. ಹಂದಿ ತಿನ್ನುವುದಾದರೂ ಸಿಕ್ಕರೆ ಸಾಕು ಎನ್ನುವ ಹೊತ್ತಿಗೆ ಬುದ್ಧಿ ಬಂದು ಮನೆಯ ದಾರಿ ಹಿಡಿಯುತ್ತಾನೆ. ಅಪ್ಪ ಓಡಿಬಂದು ತಬ್ಬಿಕೊಳ್ಳುತ್ತಾನೆ. ಎಷ್ಟೋ ಸಲ ಕೇಳಿದ ಮೇಲೂ ನಾವು ಸುಮ್ಮನೆ ದಾಟಿಹೋಗುವ ಒಂದು ಸಂಗತಿ ಈ ಕಥೆಯಲ್ಲಿದೆ.

ಹಂದಿಗಳ ಮಧ್ಯೆ ಕೂತು ಆ ಹುಡುಗ ಅಪ್ಪನಿಗೆ ಏನು ಹೇಳಬೇಕೆಂದು ಮೊದಲೇ ಜೋಡಿಸಿಕೊಳ್ಳುತ್ತಾನೆ. ಅದರಲ್ಲಿ ಮೂರು ಮಾತುಗಳಿವೆ. ಪರಲೋಕಕ್ಕೂ ನಿನಗೂ ವಿರೋಧವಾಗಿ ಪಾಪ ಮಾಡಿದ್ದೇನೆ ಎನ್ನುವುದು ಮೊದಲನೆಯದು. ಇನ್ನು ಮೇಲೆ ನಿನ್ನ ಮಗ ಅನ್ನಿಸಿಕೊಳ್ಳುವ ಯೋಗ್ಯತೆ ನನಗಿಲ್ಲ ಎನ್ನುವುದು ಎರಡನೆಯದು. ನಿನ್ನ ಕೂಲಿಯಾಳುಗಳಲ್ಲಿ ಒಬ್ಬನ ಹಾಗೆ ನನ್ನನ್ನು ಇಟ್ಟುಕೋ ಎನ್ನುವುದು ಮೂರನೆಯದು. ಮನೆ ಮುಟ್ಟಿ, ಅಪ್ಪನ ತೋಳಿನೊಳಗೆ ನಿಂತು ಮೊದಲ ಎರಡು ಮಾತು ಹೇಳುತ್ತಾನೆ. ಮೂರನೆಯದು ಬಾಯಿಗೆ ಬರುವುದರೊಳಗೆ ಅಪ್ಪ ಆಳುಗಳ ಕಡೆ ತಿರುಗಿಬಿಟ್ಟಿದ್ದಾನೆ: ಶ್ರೇಷ್ಠವಾದ ಅಂಗಿ ತನ್ನಿ, ಕೈಗೆ ಉಂಗುರ ಇಡಿ, ಕಾಲಿಗೆ ಜೋಡು ಮೆಡಿಸಿ.

ಕ್ರೈಸ್ತ ಬೋಧನೆಯಲ್ಲಿ ಕೃಪೆ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಆಡದೆ ಉಳಿದುಹೋದ ಆ ಮೂರನೆಯ ಮಾತನ್ನು. ಮೊದಲೆರಡು ಮಾತು ನಿಜ. ಅಪ್ಪ ಅವನ್ನು ಕೇಳಿಸಿಕೊಂಡ, ತಡೆಯಲಿಲ್ಲ. "ಅಯ್ಯೋ ಬಿಡು, ಅದೇನು ದೊಡ್ಡ ತಪ್ಪಲ್ಲ" ಎಂದೂ ಹೇಳಲಿಲ್ಲ. ಪಾಪವನ್ನು ಪಾಪವೆಂದೇ ಒಪ್ಪಿಕೊಳ್ಳುವ ಮಾತಿಗೆ ಆ ಮನೆಯಲ್ಲಿ ಜಾಗವಿತ್ತು. ದುಡಿದು ತೀರಿಸುತ್ತೇನೆ ಎನ್ನುವ ಮಾತಿಗೆ ಮಾತ್ರ ಇರಲಿಲ್ಲ.

ಹಿರಿಮಗನ ಮಾತನ್ನೂ ಸ್ವಲ್ಪ ಕೇಳಿ. ಹೊಲದಿಂದ ಬಂದವನು ವಾದ್ಯದ ಸದ್ದು ಕೇಳಿ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಇಷ್ಟು ವರ್ಷ ನಿನ್ನ ಚಾಕರಿ ಮಾಡಿದ್ದೇನೆ, ಒಂದು ಆಡಿನ ಮರಿಯನ್ನಾದರೂ ಕೊಟ್ಟೆಯಾ ಎನ್ನುತ್ತಾನೆ. ಮನೆ ಬಿಟ್ಟು ಹೋದವನು ಕೂಲಿಯಾಳಾಗಲು ಸಿದ್ಧನಾಗಿ ಬಂದ. ಮನೆಯಲ್ಲೇ ಇದ್ದವನು ಅಷ್ಟೂ ವರ್ಷ ಕೂಲಿಯಾಳಿನ ಮನಸ್ಸಿನಲ್ಲೇ ಇದ್ದ. ಇಬ್ಬರಿಗೂ ಅಪ್ಪನ ಜೊತೆಗಿನ ಸಂಬಂಧ ಲೆಕ್ಕದ ಸಂಬಂಧವೇ. ಚರ್ಚಿಗೆ ತಪ್ಪದೆ ಹೋಗುವ ನಮ್ಮಂಥವರಿಗೆ ಎರಡನೆಯವನ ಕಾಯಿಲೆ ಹತ್ತಿರದ್ದು ಎಂದು ನನಗೆ ಅನ್ನಿಸುತ್ತದೆ. ಆ ಕಾಯಿಲೆ ಹೊರಗೆ ಕಾಣಿಸುವುದೂ ಇಲ್ಲ.

ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಇದೇ ಸಂಗತಿ ಸಾಲದ ಭಾಷೆಯಲ್ಲಿ ಬರುತ್ತದೆ. ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಾದ ಒಬ್ಬ ಸೇವಕ. ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಒಬ್ಬ ಕೂಲಿಯ ಒಂದು ದಿನದ ಸಂಬಳ. ಹಾಗಾದರೆ ಅವನ ಸಾಲ ಆರು ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದು ಒಂದು ಕಾಸೂ ತಿನ್ನದೆ ಕಟ್ಟಿದರೂ ಎರಡು ಲಕ್ಷ ವರ್ಷ ಬೇಕು. ಯೇಸು ಬೇಕೆಂದೇ ಹೇಳಿದ ಅಸಾಧ್ಯದ ಮೊತ್ತ ಅದು. ಆದರೂ ಆ ಸೇವಕ ಅಡ್ಡಬಿದ್ದು ಕೇಳಿದ್ದೇನು? ಮನ್ನಾ ಮಾಡು ಎಂದು ಕೇಳಲಿಲ್ಲ. "ಸ್ವಲ್ಪ ತಾಳಿಕೋ, ಎಲ್ಲಾ ತೀರಿಸುತ್ತೇನೆ" ಎಂದ. ಅವನು ಕೇಳಿದ್ದು ಗಡುವು. ಅರಸನಿಗೆ ಅವನ ಮೇಲೆ ಕನಿಕರ ಹುಟ್ಟಿ ಪೂರ್ತಿ ಸಾಲವನ್ನೇ ಬಿಟ್ಟುಬಿಟ್ಟ.

ಒಬ್ಬ ಕೂಲಿಯ ಕೆಲಸ ಕೇಳಲು ಬಂದ, ಇನ್ನೊಬ್ಬ ಗಡುವು ಕೇಳಿದ. ಇಬ್ಬರೂ ಕೇಳಿದ್ದು ಸಿಗಲಿಲ್ಲ, ಕೇಳುವ ಧೈರ್ಯವೇ ಇಲ್ಲದಿದ್ದದ್ದು ಸಿಕ್ಕಿತು.

ಸೇವಕನ ಗಡುವಿನ ಮಾತನ್ನು ಓದಿದಾಗಲೆಲ್ಲ ನನಗೆ ಅದು ನಮ್ಮೆಲ್ಲರ ಪ್ರಾರ್ಥನೆಯ ಹಾಗೆ ಕೇಳಿಸುತ್ತದೆ. ಇನ್ನು ಮೇಲೆ ಸರಿಯಾಗಿರುತ್ತೇನೆ, ಇದೊಂದು ಸಲ ಬಿಟ್ಟುಬಿಡು, ಉಪವಾಸ ಮಾಡುತ್ತೇನೆ, ಕಾಣಿಕೆ ಕೊಡುತ್ತೇನೆ, ಬೆಳಗ್ಗೆ ಬೇಗ ಎದ್ದು ಬೈಬಲ್ ಓದುತ್ತೇನೆ. ಅದರಲ್ಲಿ ಕಪಟವೇನೂ ಇಲ್ಲ, ಹೇಳುವಾಗ ಮನಸಾರೆಯೇ ಹೇಳುತ್ತೇವೆ. ಸಾಲ ಎಷ್ಟು ದೊಡ್ಡದು ಎಂಬ ಅಂದಾಜು ಮಾತ್ರ ನಮಗಿರುವುದಿಲ್ಲ.

ಯೇಸುವಿನ ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ ಮೂರು ಅಧ್ಯಾಯಗಳು ಈ ಅಂದಾಜನ್ನು ಸರಿಪಡಿಸಲಿಕ್ಕೇ ಇರುವಂತಿವೆ. ಅನ್ಯಜನರ ಪಾಪಗಳನ್ನು ಪಟ್ಟಿ ಮಾಡುತ್ತಾ ಹೋಗುತ್ತಾನೆ. ಓದುವ ಧರ್ಮವಂತ ತಲೆಯಾಡಿಸುತ್ತಿರುವಾಗಲೇ ಎರಡನೇ ಅಧ್ಯಾಯದಲ್ಲಿ ಅವನ ಕಡೆಗೇ ತಿರುಗುತ್ತಾನೆ: ಬೇರೆಯವರಿಗೆ ತೀರ್ಪು ಮಾಡುವ ನೀನೂ ಅದನ್ನೇ ಮಾಡುತ್ತೀಯಲ್ಲ. ಎಲ್ಲರೂ ಪಾಪ ಮಾಡಿದವರೇ, ಯಾರೂ ದೇವರ ಮಹಿಮೆಯನ್ನು ಮುಟ್ಟಿದವರಿಲ್ಲ ಎಂಬ ಮಾತಿಗೆ ಬಂದು ನಿಲ್ಲುತ್ತಾನೆ. ಮರುಸಾಲಿನಲ್ಲೇ ಆ ಎಲ್ಲರೂ ನೀತಿವಂತರೆಂಬ ನಿರ್ಣಯ ಹೊಂದುವುದು ಉಚಿತವಾಗಿ, ದೇವರ ಕೃಪೆಯಿಂದ ಎನ್ನುತ್ತಾನೆ. ಎರಡನ್ನೂ ಒಟ್ಟಿಗೇ ಓದಬೇಕು. ಮೊದಲನೆಯದನ್ನಷ್ಟೇ ಹಿಡಿದು ಜನರನ್ನು ಹೆದರಿಸುವ ಪ್ರಸಂಗಗಳಿವೆ, ಎರಡನೆಯದನ್ನಷ್ಟೇ ಹಿಡಿದು ಬೆನ್ನು ತಟ್ಟುವ ಪ್ರಸಂಗಗಳಿವೆ. ಎರಡರಲ್ಲೂ ಪೌಲನಿಲ್ಲ.

ಕ್ಷಮೆ ಉಚಿತ ಎಂದಾಗ ಯಾರಿಗೆ ಉಚಿತ ಎಂದು ಕೇಳಬೇಕು. ಹತ್ತು ಸಾವಿರ ತಲಾಂತನ್ನು ಅರಸ ಬಿಟ್ಟುಕೊಟ್ಟಾಗ ಆ ಹಣವೇನೂ ಎಲ್ಲಿಂದಲೋ ಹುಟ್ಟಿ ಬರಲಿಲ್ಲ. ಅಷ್ಟೂ ನಷ್ಟ ಅವನ ಬೊಕ್ಕಸದ್ದೇ. ಯಾರನ್ನಾದರೂ ನಿಜವಾಗಿ ಕ್ಷಮಿಸಿದವರಿಗೆ ಇದು ಗೊತ್ತಿರುತ್ತದೆ. ಅವನು ಮಾಡಿದ ನೋವು ಅವನಿಗೆ ವಾಪಸ್ಸು ಹೋಗಲಿಲ್ಲ, ನನ್ನಲ್ಲೇ ಉಳಿಯಿತು, ನಾನೇ ಅದನ್ನು ಅರಗಿಸಿಕೊಂಡೆ. ಕ್ರೈಸ್ತರು ಶಿಲುಬೆಯ ಬಗ್ಗೆ ಮಾತನಾಡುವುದು ಇಲ್ಲಿಯೇ. ದೇವರು ಸುಮ್ಮನೆ ಕ್ಷಮಿಸಿಬಿಡಬಹುದಿತ್ತಲ್ಲ, ಶಿಲುಬೆ ಯಾಕೆ ಬೇಕಿತ್ತು ಎಂದು ಅನೇಕರು ಪ್ರಾಮಾಣಿಕವಾಗಿ ಕೇಳುತ್ತಾರೆ. ಶಿಲುಬೆಯ ಅರ್ಥವನ್ನು ಕ್ರೈಸ್ತ ಸಭೆಯು ಶತಮಾನಗಳಿಂದ ಬೇರೆಬೇರೆ ರೀತಿಯಲ್ಲಿ ವಿವರಿಸಿದೆ: ಬಲಿ, ವಿಮೋಚನೆಯ ಬೆಲೆ, ಮರಣದ ಮೇಲಿನ ಜಯ, ನಮ್ಮ ಬದಲಿಗೆ ಹೊತ್ತ ಶಿಕ್ಷೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಪಾಪವನ್ನು ರೋಗವೆಂದೂ ಕೃಪೆಯನ್ನು ಗುಣಪಡಿಸುವಿಕೆಯೆಂದೂ ಕಾಣುವುದೇ ಹೆಚ್ಚು. ಈ ವಿವರಣೆಗಳ ನಡುವೆ ಜಗಳಗಳಾಗಿವೆ. ಆದರೆ ಕ್ಷಮಿಸುವವನೇ ನಷ್ಟ ಹೊರುತ್ತಾನೆ ಎಂಬುದನ್ನು ಬಿಟ್ಟುಕೊಟ್ಟ ಪರಂಪರೆ ನನಗೆ ಗೊತ್ತಿರುವ ಮಟ್ಟಿಗೆ ಇಲ್ಲ. "ಸುಮ್ಮನೆ" ಕ್ಷಮಿಸುವುದು ಎಂಬುದು ಮನುಷ್ಯರ ನಡುವೆಯೂ ಇಲ್ಲ.

ಇಸ್ರಾಯೇಲಿನ ಅರಸ ದಾವೀದನ ಕಥೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅದು ಹೇಸಿಗೆ ಹುಟ್ಟಿಸುವ ಕಥೆ. ಅರಸರು ಯುದ್ಧಕ್ಕೆ ಹೊರಡುವ ಕಾಲದಲ್ಲಿ ಅರಮನೆಯಲ್ಲೇ ಉಳಿದವನು ಇನ್ನೊಬ್ಬನ ಹೆಂಡತಿಯನ್ನು ಕರೆಸಿಕೊಳ್ಳುತ್ತಾನೆ. ಅವಳು ಬಸುರಿಯಾದಾಗ ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಸಾಯುವ ಹಾಗೆ ಮಾಡಬೇಕೆಂದು ಸೇನಾಪತಿಗೆ ಪತ್ರ ಬರೆಯುತ್ತಾನೆ. ಆ ಪತ್ರವನ್ನು ಊರೀಯನ ಕೈಯಲ್ಲೇ ಕಳಿಸುತ್ತಾನೆ. ತನ್ನ ಮರಣದ ಆಜ್ಞೆಯನ್ನು ತಾನೇ ಹೊತ್ತುಕೊಂಡು ನಡೆದ ಆ ನಿಷ್ಠಾವಂತ ಸಿಪಾಯಿಯನ್ನು ನೆನೆದರೆ ದಾವೀದನಿಗೆ ಕ್ಷಮೆ ಸಿಗಬಾರದಿತ್ತು ಎಂದೇ ಅನ್ನಿಸುತ್ತದೆ. ಹಾಗೆ ಅನ್ನಿಸಬೇಕು ಕೂಡ. ಅನ್ನಿಸದವರಿಗೆ ಮುಂದಿನದು ಅರ್ಥವಾಗುವುದು ಕಷ್ಟ.

ಪ್ರವಾದಿ ನಾತಾನ ಬಂದು ಒಂದು ಕಥೆ ಹೇಳುತ್ತಾನೆ. ಒಬ್ಬ ಬಡವನ ಹತ್ತಿರ ಒಂದೇ ಒಂದು ಕುರಿಮರಿ ಇತ್ತು, ಅವನ ತುತ್ತನ್ನೇ ತಿಂದು ಅವನ ಮಡಿಲಲ್ಲೇ ಮಲಗುತ್ತಿತ್ತು, ಮಂದೆಗಟ್ಟಲೆ ಕುರಿಯಿದ್ದ ಸಾಹುಕಾರನೊಬ್ಬ ಅದನ್ನೇ ಕಿತ್ತುಕೊಂಡು ಅಡುಗೆ ಮಾಡಿಸಿದ. ದಾವೀದ ಕೆರಳಿ, ಅವನು ಸಾಯತಕ್ಕವನು, ನಾಲ್ಕರಷ್ಟು ತೆರಬೇಕು ಎನ್ನುತ್ತಾನೆ. "ಆ ಮನುಷ್ಯ ನೀನೇ" ಎನ್ನುತ್ತಾನೆ ನಾತಾನ. ದಾವೀದ ವಾದಿಸುವುದಿಲ್ಲ, ನಾನು ಯೆಹೋವನಿಗೆ ವಿರೋಧವಾಗಿ ಪಾಪ ಮಾಡಿದ್ದೇನೆ ಎಂದಷ್ಟೇ ಹೇಳುತ್ತಾನೆ. ಅದೇ ವಚನದಲ್ಲಿ ನಾತಾನನ ಉತ್ತರವೂ ಇದೆ: ಯೆಹೋವನು ನಿನ್ನ ಪಾಪವನ್ನು ತೊಲಗಿಸಿದ್ದಾನೆ, ನೀನು ಸಾಯುವುದಿಲ್ಲ.

ಈ ಸಂದರ್ಭಕ್ಕೆ ಸೇರಿದ್ದೆಂದು ಹೇಳಲಾಗುವ 51ನೇ ಕೀರ್ತನೆಯಲ್ಲಿ, ನಿನಗೆ ಯಜ್ಞ ಇಷ್ಟವಿಲ್ಲ, ಇದ್ದಿದ್ದರೆ ಕೊಡುತ್ತಿದ್ದೆ ಎಂಬ ಮಾತಿದೆ. ಇದನ್ನು ಕಾವ್ಯದ ಮಾತೆಂದು ಓದಿ ಬಿಡಬಾರದು. ಮೋಶೆಯ ಧರ್ಮಶಾಸ್ತ್ರದಲ್ಲಿ ತಿಳಿಯದೆ ಮಾಡಿದ ತಪ್ಪಿಗೆ ಯಜ್ಞವಿತ್ತು. ಬೇಕೆಂದೇ ಮಾಡಿದ ಕೊಲೆಗೂ ವ್ಯಭಿಚಾರಕ್ಕೂ ಯಜ್ಞವೇ ಇರಲಿಲ್ಲ, ಮರಣದಂಡನೆ ಇತ್ತು. ಅರಮನೆಯ ಕೊಟ್ಟಿಗೆಯಲ್ಲಿ ಎಷ್ಟು ಹೋರಿಗಳಿದ್ದರೂ ತಂದೊಪ್ಪಿಸಲು ದಾವೀದನ ಹತ್ತಿರ ಏನೂ ಇರಲಿಲ್ಲ. ಜಜ್ಜಿಹೋದ ಮನಸ್ಸನ್ನು ನೀನು ತಿರಸ್ಕರಿಸುವುದಿಲ್ಲ ಎಂಬ ಮಾತು ಹುಟ್ಟುವುದು ಆ ಬರಿಗೈಯಿಂದ.

ಆದರೆ ಕ್ಷಮೆಯ ಜೊತೆಗೇ ನಾತಾನ ಇನ್ನೊಂದನ್ನೂ ಹೇಳಿದ್ದ: ಕತ್ತಿ ನಿನ್ನ ಮನೆಯನ್ನು ಬಿಟ್ಟು ಹೋಗುವುದಿಲ್ಲ. ದಾವೀದನ ಮುಂದಿನ ವರ್ಷಗಳು ಹಾಗೇ ಆದವು, ಮಕ್ಕಳು ಮಕ್ಕಳನ್ನು ಕೊಂದರು, ಮಗ ಅಪ್ಪನ ಮೇಲೆ ದಂಗೆಯೆದ್ದ. ಪಾಪ ಕ್ಷಮಿಸಲ್ಪಟ್ಟಿತು, ಪಾಪ ಮಾಡಿದ ಗಾಯ ಅಷ್ಟು ಬೇಗ ಮಾಯಲಿಲ್ಲ. ಕ್ಷಮೆ ಸಿಕ್ಕಿತಲ್ಲ, ಇನ್ನು ಎಲ್ಲಾ ಮೊದಲಿನ ಹಾಗೇ ಆಗಬೇಕು ಎಂದು ನೊಂದವರ ಮೇಲೆ ಒತ್ತಡ ಹಾಕುವವರು ಈ ಅಧ್ಯಾಯಗಳನ್ನು ಮತ್ತೊಮ್ಮೆ ಓದಬೇಕು.

ಮೊದಲು ಕ್ಷಮೆಯೋ, ಮೊದಲು ಬದಲಾವಣೆಯೋ? ಇದರ ಮೇಲೆ ಸಭೆ ನೂರಾರು ವರ್ಷ ಚರ್ಚೆ ಮಾಡಿದೆ. 5ನೇ ಶತಮಾನದ ಆರಂಭದಲ್ಲಿ ರೋಮಿನಲ್ಲಿದ್ದ ಪೆಲಾಜಿಯಸ್ ಎಂಬ ತಪಸ್ವಿಗೆ ಕ್ರೈಸ್ತರ ಸಡಿಲ ನಡತೆ ಕಂಡು ಬೇಸರವಾಗಿತ್ತು. ಮನುಷ್ಯ ಮನಸ್ಸು ಮಾಡಿದರೆ ದೇವರ ಆಜ್ಞೆಗಳನ್ನು ಪಾಲಿಸಬಲ್ಲ ಎಂದು ಅವನು ಬೋಧಿಸಿದ. ಉತ್ತರ ಆಫ್ರಿಕಾದ ಬಿಷಪ್ ಅಗಸ್ಟಿನ್ (354–430) ದೇವರಿಗೆ ಬರೆದ ಒಂದು ಪ್ರಾರ್ಥನೆ ಅವನನ್ನು ಕೆರಳಿಸಿತ್ತು: ನೀನು ಆಜ್ಞಾಪಿಸುವುದನ್ನು ನೀನೇ ಅನುಗ್ರಹಿಸು, ಆಮೇಲೆ ನಿನಗೆ ಬೇಕಾದುದನ್ನು ಆಜ್ಞಾಪಿಸು. ಪೆಲಾಜಿಯಸನ ಕಾಳಜಿ ನನಗೆ ಅರ್ಥವಾಗುತ್ತದೆ, ಅವನು ಕೆಟ್ಟವನಲ್ಲ. ಆದರೆ ಇಚ್ಛೆಯೇ ರೋಗ ಹಿಡಿದು ಮಲಗಿರುವವನಿಗೆ ಇಚ್ಛೆ ಮಾಡು ಎಂದು ಹೇಳಿದರೆ ಏನು ಪ್ರಯೋಜನ ಎಂಬ ಅಗಸ್ಟಿನ್ನನ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. 418ರಲ್ಲಿ ಕಾರ್ಥೇಜಿನ ಸಭಾಸಮ್ಮೇಳನ ಪೆಲಾಜಿಯಸನ ಬೋಧನೆಯನ್ನು ತಳ್ಳಿಹಾಕಿತು. 529ರಲ್ಲಿ ಆರೆಂಜ್‌ನಲ್ಲಿ ಸೇರಿದ ಸಮ್ಮೇಳನ, ದೇವರ ಕಡೆ ತಿರುಗಬೇಕೆಂಬ ಮೊದಲ ಆಸೆ ಕೂಡ ಕೃಪೆಯಿಂದಲೇ ಹುಟ್ಟುತ್ತದೆ ಎಂದಿತು.

ಸಾವಿರ ವರ್ಷದ ನಂತರ ಜರ್ಮನಿಯ ಒಬ್ಬ ಯುವ ಸನ್ಯಾಸಿ ಪಾಪನಿವೇದನೆಗೆ ಕೂತರೆ ಗಂಟೆಗಟ್ಟಲೆ ಏಳುತ್ತಿರಲಿಲ್ಲ. ಹೇಳಿ ಮುಗಿಸಿ ಹೊರಗೆ ಬಂದ ಮೇಲೆ ಇನ್ನೊಂದು ನೆನಪಾಗಿ ಮತ್ತೆ ಒಳಗೆ ಹೋಗುತ್ತಿದ್ದ. ಅವನ ಹಿರಿಯನಾಗಿದ್ದ ಸ್ಟೌಪಿಟ್ಸ್‌ಗೇ ಸಾಕಾಗಿತ್ತು. ಮಾರ್ಟಿನ್ ಲೂಥರನ ಕಥೆಯನ್ನು ಪಠ್ಯಪುಸ್ತಕಗಳು 1517ರ 95 ವಾದಗಳಿಂದ, ಕ್ಷಮಾಪಣಾ ಪತ್ರಗಳ ಮಾರಾಟದಿಂದ ಶುರುಮಾಡುತ್ತವೆ. ನನಗೆ ಮುಖ್ಯವಾಗಿ ಕಾಣುವುದು ಅದಕ್ಕೂ ಮುಂಚಿನ ಆ ಗಂಟೆಗಳು. ಮರೆತುಹೋದ ಪಾಪ ಕ್ಷಮಿಸಲ್ಪಟ್ಟಿತೋ ಇಲ್ಲವೋ ಎಂದು ನಡುಗುವ ಮನಸ್ಸಿಗೆ ಎಷ್ಟು ಹೇಳಿದರೂ ಸಾಲದು. ಪಾಪ ಸರಿಯಾಗಿ ನೆನಪಿಟ್ಟುಕೊಳ್ಳುವ ಸಾಮರ್ಥ್ಯದ ಮೇಲೆ ಕ್ಷಮೆ ನಿಂತಿಲ್ಲ, ಕ್ಷಮಿಸುವವನ ಮೇಲೆ ನಿಂತಿದೆ ಎಂದು ಪೌಲನ ಪತ್ರಿಕೆಯಲ್ಲಿ ಕಂಡಾಗ ಅವನಿಗೆ ಸ್ವರ್ಗದ ಬಾಗಿಲು ತೆರೆದಂತಾಯಿತು.

ಆಮೇಲೆ ನಡೆದ ಒಡಕು, ಯುದ್ಧಗಳು ಗೊತ್ತಿರುವಂಥವೇ. ಹೆಚ್ಚು ಜನರಿಗೆ ಗೊತ್ತಿಲ್ಲದ್ದೆಂದರೆ, ಲೂಥರನಿಗೆ ಉತ್ತರವಾಗಿ ಕಥೋಲಿಕ ಸಭೆ ಟ್ರೆಂಟ್‌ನಲ್ಲಿ ಸೇರಿ 1547ರಲ್ಲಿ ಹೊರಡಿಸಿದ ನಿರ್ಣಯದ ಮೊದಲನೇ ವಿಧಿಯೇ, ಕ್ರಿಸ್ತನ ಮೂಲಕ ಬರುವ ಕೃಪೆಯಿಲ್ಲದೆ ಮನುಷ್ಯ ತನ್ನ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಲ್ಲ ಎನ್ನುವವರನ್ನು ಖಂಡಿಸುತ್ತದೆ. ವ್ಯತ್ಯಾಸಗಳು ನಿಜವಾಗಿಯೂ ಇದ್ದವು, ಈಗಲೂ ಇವೆ. ಆದರೆ ಒಬ್ಬರು ಕೃಪೆ ಎಂದರು, ಇನ್ನೊಬ್ಬರು ಕ್ರಿಯೆ ಎಂದರು ಎಂದು ನಮ್ಮಲ್ಲಿ ಸರಳವಾಗಿ ಹೇಳಿಕೊಂಡು ಬಂದದ್ದು ಸರಿಯಲ್ಲ. 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಲೂಥರನ್ ಮತ್ತು ಕಥೋಲಿಕ ಸಭೆಗಳು ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರವೇ ದೇವರು ನಮ್ಮನ್ನು ಅಂಗೀಕರಿಸುತ್ತಾನೆ, ಪವಿತ್ರಾತ್ಮನು ನಮ್ಮ ಹೃದಯವನ್ನು ಹೊಸದು ಮಾಡಿ ಸತ್ಕ್ರಿಯೆಗಳಿಗೆ ಕರೆಯುತ್ತಾನೆ ಎಂದು ಎರಡೂ ಕಡೆಯವರು ಒಟ್ಟಿಗೆ ಹೇಳಿದರು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಜಾಗತಿಕ ಒಕ್ಕೂಟ ಅದರೊಂದಿಗೆ ಸೇರಿಕೊಂಡವು. ಇಷ್ಟು ದೊಡ್ಡ ಸುದ್ದಿ ಬಹಳಷ್ಟು ವೇದಿಕೆಗಳಿಂದ ಇನ್ನೂ ಕೇಳಿಸದಿರುವುದು ನನಗೆ ನೋವಿನ ಸಂಗತಿ.

ಹಾಗಾದರೆ ಪಾಪ ಮಾಡುತ್ತಲೇ ಇರಬಹುದಲ್ಲ? ಇದನ್ನು ವಿರೋಧಿಗಳು ಈಗ ಕಂಡುಹಿಡಿದ ಆಕ್ಷೇಪಣೆ ಎಂದುಕೊಳ್ಳಬೇಡಿ. ಪೌಲನೇ ರೋಮಾಪುರದವರಿಗೆ ಬರೆದ ಪತ್ರಿಕೆಯ ಆರನೇ ಅಧ್ಯಾಯದಲ್ಲಿ ಕೇಳುತ್ತಾನೆ: ಕೃಪೆ ಹೆಚ್ಚಲಿ ಎಂದು ಪಾಪದಲ್ಲೇ ಇರೋಣವೋ? ಎಂದಿಗೂ ಬೇಡ ಎನ್ನುತ್ತಾನೆ. ಆದರೆ ಕೃಪೆಗೆ ಒಂದು ಮಿತಿ ಹಾಕಿ ಅವನು ಇದಕ್ಕೆ ಉತ್ತರ ಕೊಡುವುದಿಲ್ಲ. ಪಾಪದ ಪಾಲಿಗೆ ಸತ್ತವರು ಅದರಲ್ಲಿ ಬದುಕುವುದು ಹೇಗೆ ಎಂದು ತಿರುಗಿ ಕೇಳುತ್ತಾನೆ.

ಜರ್ಮನಿಯ ಪಾದ್ರಿ ಡೀಟ್ರಿಕ್ ಬೊನ್ಹಾಫರ್ 1937ರಲ್ಲಿ "ಅಗ್ಗದ ಕೃಪೆ"ಯ ಬಗ್ಗೆ ಬರೆದರು. ಪಶ್ಚಾತ್ತಾಪವಿಲ್ಲದ ಕ್ಷಮೆಯ ಬೋಧನೆ, ಶಿಸ್ತಿಲ್ಲದ ದೀಕ್ಷಾಸ್ನಾನ, ಪಾಪನಿವೇದನೆಯಿಲ್ಲದ ಪ್ರಭುಭೋಜನ, ಶಿಲುಬೆಯಿಲ್ಲದ ಕೃಪೆ. ಹಿಟ್ಲರನ ಕಾಲದಲ್ಲಿ ಸಭೆಯ ಬಹುಭಾಗ ಕಣ್ಣುಮುಚ್ಚಿ ಕೂತಿದ್ದಾಗ ಬರೆದ ಮಾತುಗಳು ಅವು. ಅವರನ್ನು 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬರ್ಗ್ ಸೆರೆಶಿಬಿರದಲ್ಲಿ ಗಲ್ಲಿಗೇರಿಸಲಾಯಿತು. ಅವರು ಅಗ್ಗದ ಕೃಪೆಗೆ ಎದುರಾಗಿ ಇಟ್ಟದ್ದು ದುಡಿದು ಗಳಿಸುವ ಕೃಪೆಯನ್ನಲ್ಲ, ದುಬಾರಿ ಕೃಪೆಯನ್ನು. ದೇವರಿಗೆ ತನ್ನ ಮಗನ ಪ್ರಾಣವೇ ಬೆಲೆಯಾದದ್ದು ನಮಗೆ ಅಗ್ಗವಾಗಿರಲು ಸಾಧ್ಯವಿಲ್ಲ ಎಂದು ಅವರ ವಾದ.

ಬದಲಾವಣೆ ನಿಧಾನವಾಗಿ ಬರುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಜಗತ್ತಿನಾದ್ಯಂತ ಹಾಡುವ ಕೃಪೆಯ ಗೀತೆಯನ್ನು ಬರೆದ ಜಾನ್ ನ್ಯೂಟನ್ 1748ರಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗಿನಲ್ಲಿ ದೇವರಿಗೆ ಮೊರೆಯಿಟ್ಟವರು. ಅದಾದ ಮೇಲೂ ಅವರು ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನರಾಗಿದ್ದರು, 1754ರವರೆಗೆ. ಗುಲಾಮರ ವ್ಯಾಪಾರದ ವಿರುದ್ಧ ಅವರು ಬಹಿರಂಗವಾಗಿ ಬರೆದದ್ದು 1788ರಲ್ಲಿ. ಅಲ್ಲಿ ತಮ್ಮ ಪಾಲನ್ನು ಮುಚ್ಚಿಡಲಿಲ್ಲ, ನಾಚಿಕೆಯಿಂದಲೇ ಒಪ್ಪಿಕೊಂಡರು. ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿದ 1807ರಲ್ಲೇ ತೀರಿಕೊಂಡರು. ಈ ನಲವತ್ತು ವರ್ಷಗಳ ಅಂತರವನ್ನು ಉಪದೇಶಗಳಲ್ಲಿ ಜಾರಿಸಿಬಿಡುತ್ತಾರೆ. ಹಾಗೆ ಮಾಡಬಾರದು, ಹಡಗಿನ ತಳದಲ್ಲಿ ಸರಪಳಿಯಲ್ಲಿದ್ದವರಿಗೆ ಅದು ಅಂತರವಾಗಿರಲಿಲ್ಲ, ಇಡೀ ಬದುಕಾಗಿತ್ತು. ಕ್ಷಮೆ ಒಂದು ಕ್ಷಣದಲ್ಲಿ ಬರಬಹುದು, ಕಣ್ಣು ತೆರೆಯುವುದು ತಡವಾದರೆ ಆ ತಡಕ್ಕೆ ಬೆಲೆ ಕೊಡುವವರು ಬೇರೆ ಯಾರೋ.

ಇಷ್ಟೆಲ್ಲ ದೇವಶಾಸ್ತ್ರ ಒಬ್ಬ ಮನುಷ್ಯನ ಹಾಸಿಗೆಯ ಪಕ್ಕ ಏನಾಗುತ್ತದೆ ಎಂಬುದನ್ನು ನಾನು ಒಮ್ಮೆ ನೋಡಿದ್ದೇನೆ. ಕಾಯಿಲೆಯವರನ್ನು ಭೇಟಿಯಾಗಿ ಪ್ರಾರ್ಥಿಸುವ ಗುಂಪಿನಲ್ಲಿ ನಾನೂ ಇದ್ದಾಗ ಪರಿಚಯವಾದ ಹಿರಿಯರೊಬ್ಬರು ಪ್ರತಿ ಸಲವೂ ಒಂದೇ ಕೋರಿಕೆ ಇಡುತ್ತಿದ್ದರು. "ಪಾಪಕ್ಷಮೆಗೋಸ್ಕರ ಇನ್ನೊಂದ್ಸಲ ಪ್ರಾರ್ಥನೆ ಮಾಡಮ್ಮ." ತಮ್ಮನಿಗೆ ಬರಬೇಕಾದ ಆಸ್ತಿಯನ್ನು ಕಾಗದಪತ್ರ ತಿರುಚಿ ತಾವೇ ಇಟ್ಟುಕೊಂಡಿದ್ದರಂತೆ. ತಮ್ಮ ತೀರಿಹೋಗಿ ಬಹಳ ಕಾಲವಾಗಿತ್ತು. ಯಾಜಕರ ಮುಂದೆ ಹೇಳಿಕೊಂಡಿದ್ದರು, ಕ್ಷಮೆಯ ಮಾತನ್ನು ಕೇಳಿಸಿಕೊಂಡಿದ್ದರು. ಆದರೂ ಮಾತನಾಡುವಾಗಲೆಲ್ಲ ಹೊದಿಕೆಯ ಅಂಚನ್ನು ಮಡಚುತ್ತಾ, ಬಿಚ್ಚುತ್ತಾ, ಮತ್ತೆ ಮಡಚುತ್ತಾ ಇರುತ್ತಿದ್ದರು.

"ತಾತ, ದೇವರು ಕ್ಷಮಿಸಿದ್ದಾನೆ ಅಂತ ನಂಬ್ತೀರಲ್ಲ?" ಎಂದು ಕೇಳಿದೆ.

"ದೇವರು ದೊಡ್ಡವನಮ್ಮ, ಕ್ಷಮಿಸಿರ್ತಾನೆ. ನಾನು ಹಾಗೇ ತಗೊಂಡುಬಿಟ್ರೆ ನನ್ನ ತಮ್ಮನಿಗೆ ಮೋಸ ಮಾಡಿದ ಹಾಗಾಗುತ್ತಲ್ಲ?"

ಆ ಪ್ರಶ್ನೆ ನನಗೆ ಬಹಳ ಗೌರವಕ್ಕೆ ಯೋಗ್ಯವಾಗಿ ಕಂಡಿತು. ತನ್ನ ನರಳಾಟವೇ ತಮ್ಮನಿಗೆ ಸಲ್ಲಿಸುವ ಬಡ್ಡಿ ಎಂದು ಅವರು ತಿಳಿದಿದ್ದರು. ನಾನು ವಾದ ಮಾಡಲಿಲ್ಲ, ಜಕ್ಕಾಯನ ಕಥೆ ಓದಿದೆ. ಸುಂಕದವರ ಮುಖ್ಯಸ್ಥ, ಜನರನ್ನು ಸುಲಿದು ಶ್ರೀಮಂತನಾದವನು. ಅವನು ಹತ್ತಿ ಕೂತಿದ್ದ ಮರದ ಕೆಳಗೆ ಯೇಸು ನಿಂತು, ಈ ದಿನ ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದಾಗ ಅವನಿನ್ನೂ ಒಂದು ಕಾಸನ್ನೂ ಹಿಂದಿರುಗಿಸಿರಲಿಲ್ಲ. ಅದಕ್ಕೇ ಜನ ಗೊಣಗಿದರು. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು ಎಂದು ಅವನು ಹೇಳಿದ್ದು ಆಮೇಲೆ. ಮೋಸದಿಂದ ಪಡೆದದ್ದನ್ನು ತಾನಾಗಿ ಒಪ್ಪಿ ಹಿಂದಿರುಗಿಸುವವನು ಐದರಲ್ಲೊಂದು ಪಾಲು ಸೇರಿಸಿ ಕೊಡಬೇಕೆಂದಷ್ಟೇ ಧರ್ಮಶಾಸ್ತ್ರ ಹೇಳಿತ್ತು. ಹೆಚ್ಚಿನದನ್ನು ಯಾರೂ ಅವನಿಂದ ಕೇಳಿರಲಿಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪೆನ್ನು ಇದೆಯಾ ಎಂದರು. ತಮ್ಮನ ಮಕ್ಕಳಿಗೆ ಒಂದು ಪತ್ರ ಹೇಳಿ ಬರೆಸಿದರು. ಏನು ಮಾಡಿದ್ದೆ, ಯಾವಾಗ ಮಾಡಿದ್ದೆ, ನಿಮಗೆ ಸೇರಬೇಕಾದದ್ದು ಇಷ್ಟು, ವಕೀಲರಿಗೆ ಹೇಳಿದ್ದೇನೆ. ಕ್ಷಮಿಸಿ ಎಂದು ಸೇರಿಸಲೇ ಎಂದು ನಾನು ಕೇಳಿದಾಗ ಬೇಡ ಎಂದರು. "ಅದು ಅವರಿಗೆ ಬಿಟ್ಟಿದ್ದು. ಕೇಳಿದ್ರೆ ಅವರ ಮೇಲೆ ಭಾರ ಹಾಕಿದ ಹಾಗಾಗುತ್ತೆ." ಅಷ್ಟು ವರ್ಷ ಭಯ ಮಾಡಿಸದೇ ಇದ್ದ ಕೆಲಸ ಅದು. ಭಯದಲ್ಲಿದ್ದಾಗ ಅವರು ತಮ್ಮ ಬಗ್ಗೆಯೇ ಯೋಚಿಸುತ್ತಿದ್ದರು. ಆ ದಿನ ಮೊದಲ ಬಾರಿಗೆ ಆ ಮಕ್ಕಳ ಬಗ್ಗೆ ಯೋಚಿಸಿದರು.

ಕ್ಷಮೆ ಬೇಡುವವರು ಹೇಗಿರಬೇಕು ಎಂಬುದನ್ನು ನಾನು ಆ ಪತ್ರದಿಂದ ಕಲಿತೆ. ಕ್ಷಮಿಸಬೇಕಾದವರ ವಿಷಯ ಬಂದಾಗ ಇನ್ನೂ ಹೆಚ್ಚು ಎಚ್ಚರ ಬೇಕು. ಹತ್ತು ಸಾವಿರ ತಲಾಂತು ಮನ್ನಾ ಆದ ಸೇವಕ ಹೊರಗೆ ಹೋಗಿ ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ನೂರು ದಿನಾರಿ ಎಂದರೆ ನಾಲ್ಕು ತಿಂಗಳ ಕೂಲಿ, ಪುಡಿಗಾಸೇನಲ್ಲ. ನಮಗೆ ಆದ ಅನ್ಯಾಯ ಸಣ್ಣದು ಎಂದು ಯೇಸು ಹೇಳುತ್ತಿಲ್ಲ. ಹಾಗಿದ್ದರೂ ಕ್ಷಮಿಸು ಎನ್ನುತ್ತಾನೆ, ಕರ್ತನ ಪ್ರಾರ್ಥನೆಯಲ್ಲಿ ನಮ್ಮನ್ನು ಕ್ಷಮಿಸು, ನಾವೂ ಕ್ಷಮಿಸಿದ್ದೇವೆ ಎಂಬ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಸುತ್ತಾನೆ.

ಆದರೆ ಈ ಕಥೆ ಇರುವ ಅಧ್ಯಾಯವನ್ನು ಪೂರ್ತಿ ಓದಬೇಕು. ಚಿಕ್ಕವರನ್ನು ಎಡವಿಸುವವನ ಕುತ್ತಿಗೆಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವುದು ಅವನಿಗೆ ಮೇಲು ಎಂಬ ಮಾತು ಅದೇ ಅಧ್ಯಾಯದಲ್ಲಿದೆ. ತಪ್ಪು ಮಾಡಿದವನಿಗೆ ಮುಖಕ್ಕೆ ಮುಖ ಕೊಟ್ಟು ಹೇಳು, ಕೇಳದಿದ್ದರೆ ಸಾಕ್ಷಿಗಳನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು ಎನ್ನುವುದೂ ಅಲ್ಲೇ ಇದೆ. ಹೊಡೆಯುವ ಗಂಡನನ್ನು ಕ್ಷಮಿಸಿ ಮನೆಗೆ ವಾಪಸ್ಸು ಹೋಗಮ್ಮ ಎಂದು ಹೆಂಗಸಿಗೆ ಬುದ್ಧಿ ಹೇಳುವ ಹಿರಿಯರು ಅಧ್ಯಾಯದ ಕೊನೆಯನ್ನಷ್ಟೇ ಓದಿರುತ್ತಾರೆ. ಕ್ಷಮೆ ಮನಸ್ಸಿನ ಕೆಲಸ, ಅದಕ್ಕೆ ಅದರದೇ ಆದ ಕಾಲ ಬೇಕು. ಮತ್ತೆ ನಂಬಬೇಕೋ ಬೇಡವೋ ಎಂಬುದು ತಪ್ಪು ಮಾಡಿದವನ ನಡತೆ ನೋಡಿ ತೀರ್ಮಾನವಾಗಬೇಕಾದದ್ದು. ಅಪಾಯದಿಂದ ದೂರ ಇರುವುದು ಕ್ಷಮಿಸದಿರುವುದಲ್ಲ.

ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ವಾಹನದೊಳಗೆ ಮಲಗಿದ್ದಾಗ ಸುಟ್ಟು ಕೊಂದರು. ಅವರ ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು, ಅವರು ಪಶ್ಚಾತ್ತಾಪಪಟ್ಟು ಬದಲಾಗಲಿ ಎಂದು ಬಯಸಿದರು, ಮಗಳೊಂದಿಗೆ ಅಲ್ಲೇ ಉಳಿದು ಕುಷ್ಠರೋಗಿಗಳ ಸೇವೆಯನ್ನು ಕೆಲವು ವರ್ಷ ಮುಂದುವರಿಸಿದರು. ನ್ಯಾಯಾಲಯ ತನ್ನ ಕೆಲಸ ಮಾಡಿತು. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆಕೆಯ ಕ್ಷಮೆ ಕಾನೂನಿಗೆ ಅಡ್ಡ ಬರಲಿಲ್ಲ, ಕಾನೂನಿನ ಶಿಕ್ಷೆ ಆಕೆಯ ಕ್ಷಮೆಯನ್ನು ಸುಳ್ಳು ಮಾಡಲಿಲ್ಲ. ಆಕೆಯನ್ನು ಯಾರೂ ಬಲವಂತ ಮಾಡಿರಲಿಲ್ಲ ಎಂಬುದೂ ಅಷ್ಟೇ ಮುಖ್ಯ.

ಇನ್ನು ಯೇಸುವಿನ ಶಿಷ್ಯ ಪೇತ್ರನ ವಿಷಯ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ, ಅಂಗಳದ ಇದ್ದಲಿನ ಬೆಂಕಿಯ ಹತ್ತಿರ ಚಳಿ ಕಾಯಿಸಿಕೊಳ್ಳುತ್ತಾ, ಆ ಮನುಷ್ಯ ನನಗೆ ಗೊತ್ತೇ ಇಲ್ಲ ಎಂದು ಮೂರು ಸಲ ಹೇಳಿದವನು ಅವನು. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಕೆರೆಯ ದಡದಲ್ಲಿ ಮತ್ತೆ ಇದ್ದಲಿನ ಬೆಂಕಿ, ಅದರ ಮೇಲೆ ಮೀನು. ಊಟವಾದ ಮೇಲೆ, ಸತ್ತು ಎದ್ದುಬಂದ ಯೇಸು ಕೇಳುತ್ತಾನೆ. ಯಾಕೆ ಹಾಗೆ ಮಾಡಿದೆ ಎಂದಲ್ಲ, ಇನ್ನು ಮಾಡುವುದಿಲ್ಲ ತಾನೇ ಎಂದಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ. ಮೂರನೆಯ ಸಲ ಪೇತ್ರನಿಗೆ ದುಃಖವಾಗುತ್ತದೆ, ಆ ಮೂರು ಅವನಿಗೆ ಗುರುತು ಸಿಕ್ಕದೆ ಇರುತ್ತದೆಯೇ. ಒಂದೊಂದು ಉತ್ತರಕ್ಕೂ ಒಂದು ಕೆಲಸ ಒಪ್ಪಿಸಲಾಗುತ್ತದೆ: ನನ್ನ ಕುರಿಗಳನ್ನು ಮೇಯಿಸು.

ಪೇತ್ರ ಮುಂದೆ ಸಭೆಯ ಮುಂದಾಳಾದ. ಸುವಾರ್ತೆಗಳನ್ನು ಬರೆದಿಡುವ ಹೊತ್ತಿಗೆ ಅವನ ಹೆಸರು ದೊಡ್ಡದಾಗಿತ್ತು. ಆ ರಾತ್ರಿಯ ಮಾತನ್ನು ಬಿಟ್ಟುಬಿಡುವುದು ಸುಲಭವಿತ್ತು. ಆದರೆ ಮತ್ತಾಯ, ಮಾರ್ಕ, ಲೂಕ, ಯೋಹಾನ, ನಾಲ್ಕೂ ಸುವಾರ್ತೆಗಳಲ್ಲಿ ಅದು ಇದೆ, ಕೋಳಿ ಕೂಗಿದ್ದು ಸಮೇತ. ಕ್ಷಮೆಯನ್ನು ನಿಜವಾಗಿ ನಂಬಿದ್ದ ಜನಕ್ಕೆ ತಮ್ಮ ನಾಯಕನ ಪತನವನ್ನು ಬಚ್ಚಿಡುವ ಅಗತ್ಯ ಕಾಣಲಿಲ್ಲ. ಇವತ್ತು ತಪ್ಪು ಮಾಡಿದ ಮುಖಂಡರನ್ನು ಸಭೆಯ ಮರ್ಯಾದೆಯ ಹೆಸರಿನಲ್ಲಿ ಕಾಪಾಡಿ, ನೊಂದವರ ಬಾಯಿ ಮುಚ್ಚಿಸುವವರು ಇದ್ದಾರೆ. ಅವರು ಅದನ್ನು ಕ್ಷಮೆ ಎಂದು ಕರೆದಾಗ ನನಗೆ ತಡೆದುಕೊಳ್ಳಲು ಆಗುವುದಿಲ್ಲ. ಪೇತ್ರನ ಸಭೆ ಅವನ ತಪ್ಪನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಿತ್ತು, ಅವನನ್ನು ಪ್ರೀತಿಸುತ್ತಲೂ ಇತ್ತು.